ಹಳೆಯ ಮಸಲ್ ಕಾರಿಗೆ ಎಂಜಿನ್ ಕೂರುತ್ತದೆ, ಚೇಂಬರ್ ಯಾಕೆ ಕೂರುವುದಿಲ್ಲ?

ವಿದೇಶದಿಂದ ಹಳೆಯ ಕಾರು ತರಿಸಿಕೊಳ್ಳುವ ನಿಯಮ 2025ರಲ್ಲಿ ಸಡಿಲವಾಯಿತು. ಅದಕ್ಕೂ ಮೊದಲು 1950ಕ್ಕಿಂತ ಹಿಂದೆ ತಯಾರಾದ ಗಾಡಿಗಳಿಗೆ ಮಾತ್ರ ‘ವಿಂಟೇಜ್’ ಎಂಬ ಬಾಗಿಲು ತೆರೆದಿತ್ತು. ಈಗ ಗಾಡಿಗೆ 50 ವರ್ಷ ದಾಟಿದ್ದರೆ ಸಾಕು. ಗೆರೆ ಹೀಗೆ ಸರಿದದ್ದೇ, ಅಮೆರಿಕದ ಮಸಲ್ ಕಾರುಗಳ ಇಡೀ ಕಾಲ, ಅಂದರೆ 1964ರಿಂದ ಹೆಚ್ಚುಕಡಿಮೆ 1974ರವರೆಗಿನದು, ಒಳಗೆ ಬಂದುಬಿಟ್ಟಿತು. ಸುಂಕ ಕಟ್ಟಿ ತರಿಸುವ ತಾಕತ್ತು ಎಷ್ಟು ಜನಕ್ಕಿದೆ ಎನ್ನುವುದು ಬೇರೆ ಮಾತು. ಅಮೆರಿಕದಲ್ಲೇ ನೆಲೆಸಿ, ಮನೆಯ ಗ್ಯಾರೇಜಿನಲ್ಲಿ ಇಂಥದ್ದೊಂದನ್ನು ಬಿಚ್ಚಿಹಾಕಿಕೊಂಡು ಕೂತಿರುವ ಕನ್ನಡಿಗರಿಗಂತೂ ಆ ಬಾಗಿಲು ಯಾವತ್ತೂ ತೆರೆದೇ ಇತ್ತು.

ಹೀಗೆ ಆಸೆಪಟ್ಟು ಕೊಂಡವರು ಎಡವುವುದು ಎಷ್ಟೋ ಸಲ ಒಂದು ತಗಡಿನ ತೊಟ್ಟಿಯ ಮೇಲೆ. ಅರ್ಧ ಶತಮಾನದಲ್ಲಿ ಈ ಗಾಡಿಗಳಲ್ಲಿ ಬಹಳಷ್ಟರ ಎಂಜಿನ್ ಬದಲಾಗಿದೆ, ಇಲ್ಲವೇ ಬದಲಾಗಬೇಕಿದೆ. ಅದೇ ಕಂಪನಿಯ, ಅದೇ ಅಳತೆಯ ಎಂಜಿನ್ ಹುಡುಕಿ ತಂದು ಸರಪಳಿಗೆ ನೇತುಹಾಕಿ ಇಳಿಸುತ್ತಾರೆ. ಕೊನೆಯ ಎರಡು ಇಂಚಿನಲ್ಲಿ ಏನೋ ತಗಲಿ ನಿಂತುಬಿಡುತ್ತದೆ, ಎಂಜಿನ್ ಹಿಡಿದಿಡುವ ಮೌಂಟಿನ ಬೋಲ್ಟು ತೂತಿಗೆ ಬರುವುದಿಲ್ಲ. ಬಗ್ಗಿ ನೋಡಿದರೆ ಎಂಜಿನ್ನಿನ ತಳದ ಆಯಿಲ್ ಪ್ಯಾನ್ ಹೋಗಿ ಚಾಸಿಯ ಅಡ್ಡತೊಲೆಯ ಮೇಲೆ ಕೂತಿದೆ. ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಅನ್ನುವುದು ಇದನ್ನೇ. ಕಲ್ಲಿಗೆ ಬಡಿದು ಎಣ್ಣೆ ಸೋರಿದಾಗ ‘ಚೇಂಬರ್ ಹೊಡೀತು’ ಅನ್ನುತ್ತೇವಲ್ಲ, ಅದೇ.

## ಬಿಗ್ ಬ್ಲಾಕ್ ಅಂದರೆ ಎಷ್ಟು ಬಿಗ್?

ಮಸಲ್ ಕಾರು ಅಂದರೆ ಮಧ್ಯಮ ಗಾತ್ರದ ಮಾಮೂಲಿ ಗಾಡಿಗೆ ದೊಡ್ಡ ಸೆಡಾನಿನ ಎಂಜಿನ್ ತುರುಕಿದ್ದು. 1964ರ ಪಾಂಟಿಯಾಕ್ ಜಿಟಿಒದಿಂದ ಈ ಕಥೆ ಶುರುವಾಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಆಮೇಲೆ ಶೆವ್ರೊಲೆಯ ಶೆವೆಲ್ ಮತ್ತು ಕಮಾರೊ, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್, ಫೋರ್ಡ್ ಮಸ್ಟಾಂಗ್ ಎಲ್ಲವೂ ಈ ಪಂದ್ಯಕ್ಕಿಳಿದವು.

ಅಮೆರಿಕದವರು ಎಂಜಿನ್ ಅಳೆಯುವುದು ಘನ ಇಂಚಿನಲ್ಲಿ. 454 ಎಂದರೆ 454 ಘನ ಇಂಚು, ನಮ್ಮ ಲೆಕ್ಕದಲ್ಲಿ 7.4 ಲೀಟರ್. ಎಂಟು ಸಿಲಿಂಡರ್‌ಗೆ ಹಂಚಿದರೆ ಒಂದೊಂದಕ್ಕೆ 930 ಸಿಸಿ. ಮಾರುತಿ 800ರ ಇಡೀ ಎಂಜಿನ್ 796 ಸಿಸಿ. ಒಂದು ಸಿಲಿಂಡರಿನ ಹೊಟ್ಟೆಯೊಳಗೆ ಒಂದು ಮಾರುತಿ ಕೂತು ಇನ್ನೂ ಜಾಗ ಉಳಿಯುತ್ತದೆ!

ಆದರೂ ಬಿಗ್ ಬ್ಲಾಕ್ ಎಂಬ ಹೆಸರು ಸಿಸಿಗೆ ಕೊಟ್ಟಿದ್ದಲ್ಲ, ಸಿಲಿಂಡರುಗಳನ್ನು ಹೊತ್ತ ಬ್ಲಾಕ್ ಎಂಬ ಎರಕದ ಗಾತ್ರಕ್ಕೆ ಕೊಟ್ಟಿದ್ದು. ಶೆವ್ರೊಲೆಯ ಸ್ಮಾಲ್ ಬ್ಲಾಕ್‌ನಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ 4.40 ಇಂಚು, ಬಿಗ್ ಬ್ಲಾಕ್‌ನಲ್ಲಿ 4.84 ಇಂಚು. ಹಾಗಾಗಿಯೇ 400 ಘನ ಇಂಚಿನ ಸ್ಮಾಲ್ ಬ್ಲಾಕ್ ಕೂಡ ಇದೆ, ಅದಕ್ಕಿಂತ ಸಿಸಿಯಲ್ಲಿ ಸಣ್ಣದಾದ 396ರ ಬಿಗ್ ಬ್ಲಾಕ್ ಕೂಡ ಇದೆ. ಹೊರಮೈ ಉದ್ದಗಲ ಹೆಚ್ಚಾದಷ್ಟೂ ಬಾನೆಟ್ಟಿನ ಕೆಳಗೆ ಜಾಗ ಕಿರಿದಾಗುತ್ತದೆ. ಚೇಂಬರಿನ ತಕರಾರು ಹುಟ್ಟುವುದು ಇಲ್ಲಿಂದ.

## ಮನೆಯ ಸಂಪು, ಎಂಜಿನ್ನಿನ ಸಂಪು

ಬೆಂಗಳೂರಿನ ಮನೆಯವರಿಗೆ ಸಂಪು ಎಂದರೆ ವಿವರಿಸಬೇಕಿಲ್ಲ. ನೆಲದಡಿಯ ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ, ಪೈಪಿನ ತುದಿಯ ಫುಟ್‌ವಾಲ್ವ್ ಅದರಲ್ಲಿ ಮುಳುಗಿರುತ್ತದೆ, ಮೋಟರ್ ಹಾಕಿದರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಎಂಜಿನ್ನಿನಲ್ಲೂ ಹೀಗೇ. ಪ್ಯಾನ್‌ನ ಆಳವಾದ ಭಾಗದ ಹೆಸರೇ ಸಂಪ್. ಅದರೊಳಗೆ ಮುಳುಗಿರುವ ಜಾಲರಿಯ ಬಾಯಿಗೆ ಪಿಕ್ಅಪ್ ಎನ್ನುತ್ತಾರೆ. ಆಯಿಲ್ ಪಂಪ್ ಅದರ ಮೂಲಕ ಎಣ್ಣೆ ಎಳೆದು ಬೇರಿಂಗುಗಳಿಗೆ, ವಾಲ್ವುಗಳಿಗೆ ಕಳಿಸುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೆ ಹನಿಹನಿಯಾಗಿ ಸಂಪಿಗಿಳಿಯುತ್ತದೆ.

ಸಂಪಿನಲ್ಲಿ ನೀರು ತಳ ಕಂಡಾಗ ಮೋಟರ್ ಗೊರಗೊರ ಎಂದು ಗಾಳಿ ಎಳೆಯುವುದನ್ನು ಕೇಳಿದ್ದೀರಿ. ಮನೆಯಲ್ಲಾದರೆ ಓಡಿಹೋಗಿ ಸ್ವಿಚ್ ಆರಿಸುತ್ತೀರಿ. ಎಂಜಿನ್ನಿಗೆ ಆ ಪುರುಸೊತ್ತಿಲ್ಲ. ಕ್ರ್ಯಾಂಕ್ ಎಂಬ ದಪ್ಪ ಉಕ್ಕಿನ ದಂಡ ಬೇರಿಂಗಿನೊಳಗೆ ಲೋಹಕ್ಕೆ ಲೋಹ ತಾಗದಂತೆ, ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಾ ತಿರುಗುತ್ತದೆ. ನಿಮಿಷಕ್ಕೆ 5500 ಸುತ್ತು ಎಂದರೆ ಸೆಕೆಂಡಿಗೆ 90ಕ್ಕೂ ಹೆಚ್ಚು. ಪಂಪ್ ಎರಡು ಸೆಕೆಂಡು ಗಾಳಿ ಕುಡಿದರೂ ಆ ಪೊರೆ ಹರಿದು ಬೇರಿಂಗ್ ಸುಟ್ಟುಹೋಗಬಹುದು. ಆದ್ದರಿಂದ ಪ್ಯಾನ್ ಎಂದರೆ ಬರೀ ಬೋಗುಣಿಯಲ್ಲ. ಗಾಡಿ ಹೇಗೇ ಓಡಲಿ, ಪಿಕ್ಅಪ್ಪಿನ ಬಾಯಿ ಎಣ್ಣೆಯಲ್ಲಿ ಮುಳುಗಿರುವಂತೆ ನೋಡಿಕೊಳ್ಳುವುದು ಅದರ ಹೊಣೆ.

## ಗುಂಡಿ ಎಲ್ಲಿರಬೇಕೆಂದು ಹೇಳುವುದು ಗಾಡಿ

ಎಂಜಿನ್ನಿನ ತಳವನ್ನು ಕೆಳಗಿನಿಂದ ನೋಡಿದರೆ ಪ್ಯಾನ್ ಇಡೀ ಉದ್ದಕ್ಕೂ ಒಂದೇ ಆಳ ಇರುವುದಿಲ್ಲ. ಒಂದು ಕಡೆ ಗುಂಡಿ, ಉಳಿದ ಕಡೆ ತಟ್ಟೆಯಂತೆ ಮೇಲಕ್ಕೆ ಎತ್ತಿರುತ್ತದೆ. ಎತ್ತಿದ ಆ ಭಾಗದ ಕೆಳಗೆ ಗಾಡಿಯ ಎರಡು ಮುಖ್ಯ ಸಾಮಾನು ಹಾದುಹೋಗುತ್ತವೆ. ಒಂದು ಕ್ರಾಸ್‌ಮೆಂಬರ್, ಎಡಬಲದ ಮುಂದಿನ ಚಕ್ರಗಳ ಸಸ್ಪೆನ್ಷನ್ ಹೊತ್ತ ಅಡ್ಡತೊಲೆ. ಇನ್ನೊಂದು ಸ್ಟೇರಿಂಗಿನ ಸೆಂಟರ್ ಲಿಂಕ್, ಎರಡೂ ಚಕ್ರಗಳನ್ನು ಒಟ್ಟಿಗೆ ಹೊರಳಿಸುವ ಅಡ್ಡಸಲಾಕೆ. ತೊಲೆ ಅಲುಗುವುದಿಲ್ಲ. ಸಲಾಕೆ ಮಾತ್ರ ಸ್ಟೇರಿಂಗ್ ತಿರುಗಿಸಿದಂತೆಲ್ಲ ಪಕ್ಕಕ್ಕೂ ಹಿಂದುಮುಂದಕ್ಕೂ ಸರಿಯುತ್ತದೆ.

ಇವೆರಡೂ ಒಂದೊಂದು ಮಾದರಿಯಲ್ಲಿ ಒಂದೊಂದು ಕಡೆ ಇರುತ್ತವೆ. ಕಮಾರೊವನ್ನೇ ನೋಡಿ. 1967ರಿಂದ 1969ರವರೆಗಿನ ಗಾಡಿಯಲ್ಲಿ ಸ್ಟೇರಿಂಗ್ ಸಲಾಕೆಗಳು ಮುಂದಿನ ಚಕ್ರಗಳ ನಡುಗೆರೆಯ ಹಿಂದಿವೆ. 1970ರಲ್ಲಿ ಬಂದ ಹೊಸ ಮೈಯ ಕಮಾರೊದಲ್ಲಿ ಅವೇ ಸಲಾಕೆಗಳು ನಡುಗೆರೆಯ ಮುಂದಕ್ಕೆ ಹೋಗಿವೆ. ಹೆಸರು ಒಂದೇ, ಕಂಪನಿ ಒಂದೇ, ತಳದ ನಕ್ಷೆ ಬೇರೆ. ಹೀಗಾಗಿ ‘454ಕ್ಕೆ ಒಂದು ಪ್ಯಾನ್ ಕೊಡಿ’ ಎಂದು ಕೇಳುವುದು ‘ಮನುಷ್ಯನಿಗೆ ಒಂದು ಚಪ್ಪಲಿ ಕೊಡಿ’ ಎಂದು ಕೇಳಿದಂತೆ. ಯಾವ ಗಾಡಿ, ಯಾವ ವರ್ಷ ಎಂಬುದು ಮೊದಲ ಪ್ರಶ್ನೆ, ಎಂಜಿನ್ ಯಾವುದು ಎನ್ನುವುದು ಎರಡನೆಯದು.

## ಮೂರು ಮನೆ, ಮೂರು ಪದ್ಧತಿ

ಶೆವ್ರೊಲೆ. ಇದರ ಬಿಗ್ ಬ್ಲಾಕ್‌ಗೆ ಮಾರ್ಕ್ 4 ಎಂದು ಹೆಸರು. 1965ರಲ್ಲಿ 396 ಆಗಿ ಬಂತು, ಮರುವರ್ಷ 427, 1970ರಲ್ಲಿ 454. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂದುಗಡೆ ಇದೆ, ಅದರಿಂದ ಒಂದು ದಂಡ ಕೆಳಗಿಳಿದು ಆಯಿಲ್ ಪಂಪನ್ನು ತಿರುಗಿಸುತ್ತದೆ. ಪಂಪ್ ಇರುವುದು ಪ್ಯಾನ್‌ನ ಒಳಗೇ, ಹಿಂದಿನ ಬೇರಿಂಗ್ ಕ್ಯಾಪಿನ ಮೇಲೆ. ಪಂಪ್ ಹಿಂದಿದ್ದ ಮೇಲೆ ಗುಂಡಿಯೂ ಹಿಂದಿರುವುದು ಸಹಜ. ಶೆವೆಲ್‌ಗೂ ಕಮಾರೊಗೂ ಕಾರ್ಖಾನೆಯಿಂದ ಬಂದದ್ದು ಹಿಂದೆ ಗುಂಡಿ ಇರುವ ಪ್ಯಾನ್.

ಹಾಗಾದರೆ ಎಡವಟ್ಟು ಎಲ್ಲಿ? ಕಾರುಗಳಿಗೆ 454 ಹಾಕುವುದು 1976ಕ್ಕೆ ನಿಂತುಹೋಯಿತು. ಲಾರಿ, ಪಿಕ್ಅಪ್ ಟ್ರಕ್ಕುಗಳಿಗೆ ಮಾತ್ರ ಇನ್ನೂ ಎರಡು ದಶಕ ಹಾಕುತ್ತಲೇ ಇದ್ದರು. ಗುಜರಿಯಲ್ಲಿ ಕೈಗೆಟುಕುವ ಬೆಲೆಗೆ ಸಿಗುವುದು ಆ ಟ್ರಕ್ಕಿನ ಎಂಜಿನ್ನೇ. ಟ್ರಕ್ಕಿನ ಚಾಸಿ ಎತ್ತರ, ತಳದಲ್ಲಿ ಬೇಕಾದಷ್ಟು ಜಾಗ. ಅದರ ಪ್ಯಾನ್ ಆ ಜಾಗಕ್ಕೆ ತಕ್ಕಂತೆ ಮಾಡಿದ್ದು, ಶೆವೆಲ್‌ಗೆ ಇಳಿಸಿದರೆ ತೊಲೆಗೋ ಸಲಾಕೆಗೋ ತಗಲುತ್ತದೆ. ಎಂಜಿನ್ನಿನ ಜೊತೆ ಬಂದ ಪ್ಯಾನನ್ನು ಬಿಚ್ಚಿಟ್ಟು, ಕಾರಿನದನ್ನು ಹುಡುಕಿ ಹಾಕಬೇಕು.

ಇದಕ್ಕಿಂತ ನಯವಾದ ಬಲೆ ಇನ್ನೊಂದಿದೆ. 1991ರಲ್ಲಿ ಶೆವ್ರೊಲೆ ಈ ಎಂಜಿನ್ನನ್ನು ತಿದ್ದಿ, ಐದನೆಯ ತಲೆಮಾರು ಎಂದು ಕರೆದು ಹೊರತಂದಿತು. 1996ರಲ್ಲಿ ಆರನೆಯದು. ಮಾರ್ಕ್ 4ರಲ್ಲಿ ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಎಣ್ಣೆ ತಡೆಯುವ ಸೀಲ್ ಎರಡು ಅರ್ಧಚಂದ್ರಗಳಾಗಿತ್ತು. ಹೊಸದರಲ್ಲಿ ಅದು ಒಂದೇ ಅಖಂಡ ಬಳೆ. ಅದಕ್ಕಾಗಿ ಬ್ಲಾಕಿನ ಹಿಂತುದಿಯ ಆಕಾರವನ್ನೇ ಬದಲಿಸಿದರು. ಎರಡೂ 454, ಹೊರನೋಟಕ್ಕೆ ಅಣ್ಣತಮ್ಮ. ಆದರೆ ಒಂದರ ಪ್ಯಾನ್ ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತವಾಗಿ ಬಿಗಿದರೆ ಹಿಂದಿನ ಸಂದಿಯಿಂದ ಎಣ್ಣೆ ಜಿನುಗುತ್ತಲೇ ಇರುತ್ತದೆ. ದುಡ್ಡು ಕೊಡುವ ಮೊದಲು ಸೀಲ್ ಒಂದು ತುಂಡೋ ಎರಡು ತುಂಡೋ ಎಂದು ಕೇಳಿ.

ಕ್ರೈಸ್ಲರ್. ಡಾಡ್ಜ್ ಮತ್ತು ಪ್ಲಿಮತ್ ಎರಡೂ ಈ ಮನೆಯವೇ. 383, 440, ಮತ್ತು ಎಲ್ಲರ ಬಾಯಲ್ಲಿರುವ 426 ಹೆಮಿ ಇದರ ಬಿಗ್ ಬ್ಲಾಕ್‌ಗಳು. ಇಲ್ಲಿ ಆಯಿಲ್ ಪಂಪ್ ಪ್ಯಾನ್‌ನೊಳಗಿಲ್ಲ, ಎಂಜಿನ್ನಿನ ಮುಂದುಗಡೆ ಹೊರಗೆ ಕಾಣುವಂತೆ ಕೂತಿದೆ. ಪಿಕ್ಅಪ್ ಪೈಪನ್ನು ಬ್ಲಾಕಿಗೇ ತಿರುಪಿನಂತೆ ಸುತ್ತಿ ಕೂರಿಸುತ್ತಾರೆ. ಚಾರ್ಜರ್, ರೋಡ್ ರನ್ನರ್ ಗಾಡಿಗಳಲ್ಲಿ ಕೆ ಅಕ್ಷರದ ಹೆಸರಿನ ಬಿಚ್ಚಬಹುದಾದ ತೊಲೆ ಮುಂದೆ, ಸ್ಟೇರಿಂಗ್ ಸಲಾಕೆ ಅದರ ಆಸುಪಾಸು. ಅವುಗಳ ನಡುವೆ ತೂರುವಂತೆ ಗುಂಡಿಯನ್ನು ಹೊಂದಿಸಿದ್ದಾರೆ. ಅದೇ 440 ಕಂಪನಿಯ ದೊಡ್ಡ ಸೆಡಾನುಗಳಲ್ಲೂ, ಮೋಟರ್‌ಹೋಮ್ ಎಂಬ ಮನೆಬಂಡಿಗಳಲ್ಲೂ ಇತ್ತು. ಅಲ್ಲಿನ ಪ್ಯಾನ್‌ಗಳ ಆಕಾರ ಬೇರೆ. ಈ ಮನೆಯಲ್ಲಿ ಇನ್ನೊಂದು ಸೂಕ್ಷ್ಮ: ಮಾಮೂಲಿ ಪಿಕ್ಅಪ್ ಪೈಪು ಇಂಚಿನ ಎಂಟನೇ ಮೂರು ಭಾಗದ್ದು, ಹೆಮಿಯದು ಅರ್ಧ ಇಂಚಿನದು. ಹೆಮಿಯ ಪ್ಯಾನ್ ಮತ್ತು ಪೈಪು ಆಸೆಪಟ್ಟು ತಂದರೆ ಬ್ಲಾಕಿನ ತೂತನ್ನೂ ಕೊರೆದು ಹಿರಿದು ಮಾಡಬೇಕಾಗುತ್ತದೆ.

ಫೋರ್ಡ್. 390, 428 ಒಂದು ವಂಶ, 429 ಮತ್ತು 460 ಇನ್ನೊಂದು. ಎರಡರಲ್ಲೂ ಡಿಸ್ಟ್ರಿಬ್ಯೂಟರ್ ಮುಂದಿದೆ, ಪಂಪೂ ಮುಂದಿದೆ, ಕಾರುಗಳಲ್ಲಿ ಗುಂಡಿಯೂ ಮುಂದೆ. ಟ್ರಕ್ಕುಗಳಲ್ಲಿ ಅದೇ 460ಕ್ಕೆ ಗುಂಡಿ ಹಿಂದೆ, ಮುಂದಿನ ಪಂಪಿನಿಂದ ಅಲ್ಲಿಗೆ ಉದ್ದನೆಯ ಪೈಪು. 460 ಟ್ರಕ್ಕುಗಳಲ್ಲಿ 1997ರವರೆಗೂ ಬಂದದ್ದರಿಂದ ಇಲ್ಲೂ ಶೆವ್ರೊಲೆಯ ಕಥೆಯೇ. ಟ್ರಕ್ಕಿನ ಎಂಜಿನ್ ಕಾರಿಗೆ ಬರಬೇಕಾದರೆ ಪ್ಯಾನ್, ಪಿಕ್ಅಪ್ ಪೈಪು, ಎಣ್ಣೆ ನೋಡುವ ಡಿಪ್‌ಸ್ಟಿಕ್ ಮೂರನ್ನೂ ಒಟ್ಟಿಗೆ ಬದಲಿಸಬೇಕು.

## ಓಡುವ ಗಾಡಿಯಲ್ಲಿ ಎಣ್ಣೆ ನಿಂತಲ್ಲಿ ನಿಲ್ಲದು

ತುಂಬಿದ ಬಿಂದಿಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತವರಿಗೆ ಗೊತ್ತು: ಡ್ರೈವರ್ ಜೋರಾಗಿ ಎಳೆದರೆ ನೀರು ಎದೆಗೆ ಬರುತ್ತದೆ, ಬ್ರೇಕ್ ಹಾಕಿದರೆ ಮುಂದಿನ ಸೀಟಿಗೆ. ನಿಂತಲ್ಲಿಂದ ಆರು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಗಾಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರ ಸರಾಸರಿ ಎಳೆತ ಭೂಮಿಯ ಸೆಳೆತದ ಅರ್ಧದ ಹತ್ತಿರ. ಅಷ್ಟಕ್ಕೇ ಎಣ್ಣೆಯ ಮೇಲ್ಮೈ ಸುಮಾರು 25 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಅರ್ಧ ಮೀಟರ್ ಉದ್ದದ ಪ್ಯಾನ್‌ನಲ್ಲಿ ಹಿಂದಿನ ಅಂಚು ಮುಂದಿನದಕ್ಕಿಂತ 20 ಸೆಂ.ಮೀ.ಗೂ ಮೇಲೇರಬೇಕು. ಅಷ್ಟು ಎತ್ತರದ ಗೋಡೆ ಅಲ್ಲಿಲ್ಲ, ಎಣ್ಣೆ ನೇರ ಕ್ರ್ಯಾಂಕಿನ ಮೇಲೆ ನುಗ್ಗುತ್ತದೆ.

ನೇರ ಓಟದ ಪಂದ್ಯದವರು ಹಿಂದಿನ ಗುಂಡಿಯನ್ನು ಇಷ್ಟಪಡುವುದು ಇದಕ್ಕೇ. ಎಣ್ಣೆ ಓಡಿಹೋಗುವ ಕಡೆಯೇ ಪಿಕ್ಅಪ್ ಕಾದು ಕೂತಿರುತ್ತದೆ. ಮುಂದಿನ ಗುಂಡಿಯ ಫೋರ್ಡಿಗೆ ಇದೇ ತಲೆನೋವು, ಎಣ್ಣೆ ಬೇಕಾದ ಹೊತ್ತಿಗೆ ಅದು ಇನ್ನೊಂದು ತುದಿಯಲ್ಲಿರುತ್ತದೆ. ತಡೆಯಲು ಗುಂಡಿಯೊಳಗೆ ತಗಡಿನ ಅಡ್ಡಗೋಡೆಗಳನ್ನು ಬೆಸೆಯುತ್ತಾರೆ, ಇವು ಬ್ಯಾಫಲ್. ಕೆಲವು ಗೋಡೆಗಳಿಗೆ ಒಂದೇ ಕಡೆ ತೆರೆಯುವ ಪುಟ್ಟ ಬಾಗಿಲೂ ಉಂಟು. ಎಣ್ಣೆ ಪಿಕ್ಅಪ್ಪಿನ ಕಡೆ ಬರಬಹುದು, ವಾಪಸು ಹೋಗುವಂತಿಲ್ಲ.

ಇನ್ನೊಂದು ಶತ್ರು ಕ್ರ್ಯಾಂಕೇ. ಮಜ್ಜಿಗೆ ಕಡೆಯುವಾಗ ಕಡಗೋಲಿನ ಸುತ್ತ ನೊರೆ ಏಳುತ್ತದಲ್ಲ, ಹಾಗೆ ಸೆಕೆಂಡಿಗೆ 90 ಸುತ್ತು ತಿರುಗುವ ಕ್ರ್ಯಾಂಕ್ ಹತ್ತಿರದ ಎಣ್ಣೆಯನ್ನೆಲ್ಲ ಬೀಸಿ ನೊರೆ ಮಾಡುತ್ತದೆ. ನೊರೆಯಲ್ಲಿ ಗಾಳಿ ಇದೆ, ಗಾಳಿ ಬೇರಿಂಗನ್ನು ಕಾಯುವುದಿಲ್ಲ. ಆದ್ದರಿಂದ ಕ್ರ್ಯಾಂಕಿಗೂ ಎಣ್ಣೆಗೂ ನಡುವೆ ಸೀಳುಗಳಿರುವ ಒಂದು ತಟ್ಟೆ ಹಾಕುತ್ತಾರೆ. ಇದು ವಿಂಡೇಜ್ ಟ್ರೇ. ‘ನಾಲ್ಕರ ಬದಲು ಐದು ಲೀಟರ್ ಇರಲಿ, ಒಳ್ಳೆಯದೇ’ ಎಂದು ಎಣ್ಣೆ ಹೆಚ್ಚಿಗೆ ಸುರಿಯುವವರು ತಮಗೆ ತಿಳಿಯದೇ ಈ ನೊರೆಯನ್ನೇ ಹೆಚ್ಚಿಸುತ್ತಿರುತ್ತಾರೆ.

ಹೆಚ್ಚು ಎಣ್ಣೆ ಬೇಕಿದ್ದರೆ ಅಗಲದ ಪ್ಯಾನ್ ಇದೆ, ಗುಂಡಿಯ ಎರಡೂ ಪಕ್ಕಕ್ಕೆ ಹೊಟ್ಟೆ ಉಬ್ಬಿಸಿದ್ದು. ಆದರೆ ಆ ಹೊಟ್ಟೆ ಸ್ಟಾರ್ಟರ್ ಮೋಟರಿಗೆ, ಸೈಲೆನ್ಸರಿನ ಕೊಳವೆಗಳಿಗೆ ತಗಲಬಹುದು. ಎಷ್ಟೋ ಮಂದಿ ಪ್ಯಾನ್ ಕೊಂಡ ಮೇಲೆ ಸಣ್ಣ ಸ್ಟಾರ್ಟರನ್ನೂ ಕೊಳ್ಳುತ್ತಾರೆ.

## ಅಳತೆ: ಒಳಗೂ ಹೊರಗೂ

ಒಳಗಿನ ಮೊದಲ ಅಳತೆ ಪಿಕ್ಅಪ್ಪಿನ ಬಾಯಿಗೂ ಪ್ಯಾನ್‌ನ ತಳಕ್ಕೂ ನಡುವಿನ ಸಂದಿ. ತೀರಾ ಹತ್ತಿರವಾದರೆ ಎಣ್ಣೆ ಒಳಸೇರಲು ದಾರಿ ಇಲ್ಲ, ದೂರವಾದರೆ ತಳದ ಎಣ್ಣೆ ಸಿಗದೆ ಗಾಳಿ ಎಳೆಯುತ್ತದೆ. ಮೆಕ್ಯಾನಿಕ್‌ಗಳು ಇಂಚಿನ ಕಾಲು ಭಾಗಕ್ಕೂ ಅರ್ಧಕ್ಕೂ ನಡುವೆ ಇಡುತ್ತಾರೆ. ಇಂಚಿನ ಎಂಟನೇ ಮೂರು, ಅಂದರೆ ಒಂಬತ್ತೂವರೆ ಮಿ.ಮೀ., ಎಲ್ಲರೂ ಒಪ್ಪುವ ಸಂಖ್ಯೆ.

ಮುಚ್ಚಿದ ಪ್ಯಾನ್‌ನೊಳಗೆ ಇದನ್ನು ಅಳೆಯುವುದು ಹೇಗೆ? ಮಕ್ಕಳು ಆಡುವ ಕ್ಲೇ ಉಂಡೆ ಮಾಡಿ ಪಿಕ್ಅಪ್ಪಿನ ಬಾಯಿಗೆ ಅಂಟಿಸಿ. ಗ್ಯಾಸ್ಕೆಟ್ ಇಟ್ಟು ಪ್ಯಾನನ್ನು ಬೋಲ್ಟಿನಿಂದ ಬಿಗಿಯಿರಿ, ಮತ್ತೆ ಬಿಚ್ಚಿ. ಚಪ್ಪಟೆಯಾದ ಉಂಡೆಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಇದಕ್ಕಿಂತ ಅಗ್ಗದ ಸಾಧನ ಈ ಕೆಲಸಕ್ಕೆ ಇಲ್ಲ. ಶೆವ್ರೊಲೆಯಲ್ಲಿ ಪಿಕ್ಅಪ್ ಪಂಪಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು ಅಷ್ಟೆ. ನಡುಕಕ್ಕೆ ಸಡಿಲವಾಗಿ ಬೀಳದಂತೆ ಅಳತೆ ಸರಿಮಾಡಿದ ಮೇಲೆ ಒಂದು ಚುಕ್ಕೆ ವೆಲ್ಡಿಂಗ್ ಹಾಕುತ್ತಾರೆ. ವೆಲ್ಡಿಂಗಿಗೆ ಮುಂಚೆ ಪಂಪಿನೊಳಗಿನ ಒತ್ತಡದ ಸ್ಪ್ರಿಂಗ್ ತೆಗೆದಿಡಬೇಕು. ಶಾಖಕ್ಕೆ ಅದರ ಬಲ ಹೋದರೆ ಎಣ್ಣೆಯ ಒತ್ತಡವೂ ಹೋಗುತ್ತದೆ.

ಎರಡನೆಯದು ಕ್ರ್ಯಾಂಕಿನ ಸುತ್ತು. 454ರಲ್ಲಿ ಪಿಸ್ಟನ್ನಿನ ಏರಿಳಿತ 4 ಇಂಚು. ಇದನ್ನು ಹೆಚ್ಚು ಸಿಸಿಗಾಗಿ 4.25 ಇಂಚಿನ ಕ್ರ್ಯಾಂಕ್ ಹಾಕಿ, ಸಿಲಿಂಡರುಗಳನ್ನೂ ಕೊಂಚ ಕೊರೆದು ಹಿರಿದು ಮಾಡಿ 496 ಮಾಡುವವರು ತುಂಬಾ. ಹೆಚ್ಚಾದ ಕಾಲು ಇಂಚಿನಲ್ಲಿ ಅರ್ಧ, ಅಂದರೆ ಮೂರು ಮಿ.ಮೀ.ಯಷ್ಟು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಕೆಳಕ್ಕಿಳಿದು ಸುತ್ತುತ್ತವೆ. ಮೊದಲು ಸರಿಯಾಗಿದ್ದ ಟ್ರೇ ಈಗ ತಗಲಬಹುದು. ಪ್ಯಾನ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿ.

ಹೊರಗಿನ ಅಳತೆಯಲ್ಲಿ ಜನ ಮರೆಯುವುದು ಗಾಡಿ ನಿಂತಾಗಿನ ಸಂದಿ ಓಡುವಾಗ ಉಳಿಯುವುದಿಲ್ಲ ಎಂಬುದನ್ನು. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿದೆ, ಆಕ್ಸಿಲರೇಟರ್ ತುಳಿದರೆ ಮೈ ಹೊರಳಿಸುತ್ತದೆ. ಹಳೆಯ ರಬ್ಬರ್ ಕುಸಿದಿದ್ದರೆ ಇಡೀ ಎಂಜಿನ್ನೇ ಕೆಳಗಿಳಿದಿರುತ್ತದೆ. ಆದ್ದರಿಂದ ಮೊದಲು ಹೊಸ ಮೌಂಟ್, ಆಮೇಲೆ ಅಳತೆ. ತೊಲೆಗೂ ಪ್ಯಾನ್‌ಗೂ ನಡುವೆ ಎಲ್ಲ ಕಡೆ ಬೆರಳು ಸಲೀಸಾಗಿ ಆಡುವಷ್ಟು ಜಾಗ ಬೇಕು. ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡತುದಿಯಿಂದ ಬಲತುದಿಗೆ ಪೂರ್ತಿ ತಿರುಗಿಸಲು ಹೇಳಿ, ಸಲಾಕೆ ಪ್ಯಾನ್‌ಗೆ ಎಲ್ಲಿ ಹತ್ತಿರ ಬರುತ್ತದೆ ಎಂದು ಕೆಳಗಿನಿಂದ ನೋಡಿ. ಚಕ್ರಗಳು ನೆಲದ ಮೇಲಿರುವಾಗ ಒಮ್ಮೆ, ಜಾಕಿಯಲ್ಲಿ ತೂಗಾಡುವಾಗ ಒಮ್ಮೆ. ಸೋರುವ ಚೇಂಬರಿಗಾದರೆ ಗಾಡಿ ಕೊಳೆಯಾಗುತ್ತದೆ, ಸಿಕ್ಕಿಹಾಕಿಕೊಳ್ಳುವ ಸ್ಟೇರಿಂಗಿಗೆ ಪ್ರಾಣವೇ ಹೋಗಬಹುದು.

ನೆಲದ ಅಳತೆ ಭಾರತಕ್ಕೆ ತರಿಸಿಕೊಳ್ಳುವವರಿಗಾಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರೋಡ್ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯ ಹಂಪ್‌ಗಳು ಆ ಪುಸ್ತಕ ಓದಿದಂತೆ ಕಾಣುವುದಿಲ್ಲ. ಕ್ರಾಸ್‌ಮೆಂಬರಿಗಿಂತ ಕೆಳಗೆ ಇಳಿಬಿದ್ದ ಆಳದ ರೇಸಿಂಗ್ ಪ್ಯಾನ್ ಇಲ್ಲಿ ಬೇಡ.

## ಗ್ಯಾಸ್ಕೆಟ್, ಮತ್ತು ಕೈಯ ಹದ

ಪ್ಯಾನ್‌ಗೂ ಬ್ಲಾಕಿಗೂ ನಡುವಿನ ಮೆತ್ತೆಯೇ ಗ್ಯಾಸ್ಕೆಟ್. ಮಾರ್ಕ್ 4 ಶೆವ್ರೊಲೆಗೆ ಹಳೆಯ ಪದ್ಧತಿಯಲ್ಲಿ ನಾಲ್ಕು ತುಂಡು: ಪಕ್ಕಕ್ಕೆ ಎರಡು ಪಟ್ಟಿ, ಮುಂದೆ ಹಿಂದೆ ಎರಡು ಕಮಾನು. ನಾಲ್ಕು ಮೂಲೆಗಳಲ್ಲಿ ಪಟ್ಟಿ ಮತ್ತು ಕಮಾನು ಕೂಡುವಲ್ಲೇ ಸೋರುವುದು, ಅಲ್ಲಿ ಒಂದೊಂದು ಬೊಟ್ಟು ಸಿಲಿಕಾನ್ ಹಚ್ಚಬೇಕು. ಬೊಟ್ಟು ಸಾಕು. ಹೆಚ್ಚಾದದ್ದು ಒಳಕ್ಕೆ ಹಿಂಡಿ ಬಂದು, ಕಿತ್ತು, ಪಿಕ್ಅಪ್ಪಿನ ಜಾಲರಿಗೆ ಹೋಗಿ ಕೂರುತ್ತದೆ. ಕ್ರೈಸ್ಲರ್ ಬ್ಲಾಕಿನ ತಳ ಸಮತಟ್ಟು, ಆದ್ದರಿಂದ ಕಮಾನುಗಳ ರಗಳೆ ಇಲ್ಲ. ಆದರೆ ಅಲ್ಲಿ ವಿಂಡೇಜ್ ಟ್ರೇ ಬ್ಲಾಕಿಗೂ ಪ್ಯಾನ್‌ಗೂ ನಡುವೆ ಸಿಕ್ಕಿಕೊಂಡು ಕೂರುವಂಥದ್ದು, ಮೇಲೊಂದು ಕೆಳಗೊಂದು ಎರಡು ಗ್ಯಾಸ್ಕೆಟ್ ಬೇಕು. ಒಂದೇ ತಂದವರು ಮತ್ತೆ ಅಂಗಡಿಗೆ ಹೋಗುತ್ತಾರೆ.

ಹಳೆಯ ಪ್ಯಾನ್ ಸೋರಲು ಕಾರಣ ಬಹಳ ಸಲ ಗ್ಯಾಸ್ಕೆಟ್ಟೇ ಅಲ್ಲ. ಯಾರೋ ಹಿಂದೆ ಬಲವಾಗಿ ಬಿಗಿದು, ಬೋಲ್ಟಿನ ತೂತಿನ ಸುತ್ತ ತಗಡು ತಗ್ಗಾಗಿರುತ್ತದೆ. ತೂತಿನ ಬಳಿ ಒತ್ತುತ್ತದೆ, ಎರಡು ತೂತಿನ ನಡುವೆ ಬಾಯಿಬಿಡುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ ಇನ್ನಷ್ಟು ಬಾಯಿಬಿಡುತ್ತದೆ. ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ ಮಟ್ಟಮಾಡಬೇಕು.

ಈ ಎಲ್ಲ ಕೆಲಸ ಎಂಜಿನ್ ಹೊರಗಿರುವಾಗಲೇ ಮಾಡಿಕೊಳ್ಳಿ. ಒಳಗೆ ಕೂತ ಮೇಲೆ ಪ್ಯಾನ್ ಬಿಚ್ಚಬೇಕೆಂದರೆ ಸೆಂಟರ್ ಲಿಂಕ್ ಕಳಚಬೇಕು, ಇಲ್ಲವೇ ಮೌಂಟ್ ಬಿಚ್ಚಿ ಎಂಜಿನ್ನನ್ನು ಕೆಲವು ಇಂಚು ಎತ್ತಬೇಕು.

## ಮೊದಲ ದಿನ

ಹೊಸ ಪ್ಯಾನ್‌ಗೆ ಹಳೆಯ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಪ್ಯಾನ್ ಎಷ್ಟು ಹಿಡಿಯುತ್ತದೆಂದು ತಯಾರಕರು ಹೇಳಿದ್ದಾರೋ ಅಷ್ಟನ್ನೇ ಅಳೆದು ಸುರಿದು, ಕಡ್ಡಿಯಲ್ಲಿ ಎಣ್ಣೆ ಎಲ್ಲಿ ಮುಟ್ಟಿತೋ ಅಲ್ಲಿ ಅರದಿಂದ ಹೊಸ ಗೀಟು ಹಾಕಿ. ಅಮೆರಿಕದ ಲೆಕ್ಕ ಕ್ವಾರ್ಟಿನಲ್ಲಿರುತ್ತದೆ, ಒಂದು ಕ್ವಾರ್ಟ್ ಸುಮಾರು 946 ಮಿ.ಲೀ. ಐದು ಕ್ವಾರ್ಟ್ ಎಂದಿದ್ದರೆ 4.7 ಲೀಟರ್, ಐದಲ್ಲ.

ಕೀಲಿ ತಿರುಗಿಸುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಪಂಪಿನ ದಂಡವನ್ನು ಡ್ರಿಲ್ಲಿಂಗ್ ಮೆಷಿನ್ನಿನಿಂದ ತಿರುಗಿಸಿ. ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೇರಿದರೆ ಪಿಕ್ಅಪ್ ಎಣ್ಣೆಯಲ್ಲಿದೆ ಎಂದರ್ಥ. ಏರದಿದ್ದರೆ ಬಿಚ್ಚಿ ನೋಡಿ, ಸ್ಟಾರ್ಟ್ ಮಾಡಿ ನೋಡಬೇಡಿ. ಎಲ್ಲ ಸರಿಯಿದ್ದು ಗಾಡಿ ಓಡಿಬಂದ ರಾತ್ರಿ ಕೆಳಗೊಂದು ರಟ್ಟು ಹಾಸಿ. ಬೆಳಗ್ಗೆ ಹಿಂಭಾಗದಲ್ಲಿ ಒಂದೆರಡು ತೊಟ್ಟು ಕಂಡರೆ ಕೂಡಲೇ ಪ್ಯಾನ್‌ನ ಮೇಲೆ ಗೂಬೆ ಕೂರಿಸಬೇಡಿ. ಈ ಎಂಜಿನ್‌ಗಳಲ್ಲಿ ಮೇಲಿನ ವಾಲ್ವ್ ಕವರಿನಿಂದಲೋ ಗಾಳಿ ಒಳಗೊಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನ ಅಂಚಿನಿಂದಲೋ ಜಿನುಗಿದ ಎಣ್ಣೆ ಬ್ಲಾಕಿನ ಬೆನ್ನಿನಗುಂಟ ಇಳಿದು ಪ್ಯಾನ್‌ನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಒರೆಸಿ, ಟಾರ್ಚ್ ಹಿಡಿದು, ಕೆಳಗಿನಿಂದ ಮೇಲಕ್ಕೆ ಒದ್ದೆ ಎಲ್ಲಿಯವರೆಗೆ ಇದೆ ಎಂದು ನೋಡುತ್ತಾ ಹೋಗಿ.